ಘಾತ ಎಲ್ಲೂ ಇಲ್ಲ, ಆದರೂ ರೇಖಾತ್ಮಕ ಅಲ್ಲ: ಹೇಗೆ?

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಕಿರುಪರೀಕ್ಷೆಯಲ್ಲಿ ಐದು ಸಮೀಕರಣ ಕೊಟ್ಟು, ಇವುಗಳಲ್ಲಿ ಯಾವುವು ರೇಖಾತ್ಮಕ ಎಂದು ಕೇಳಿದ್ದರು.

ಯ × ಕ = 6
√2 ಯ + ಕ = 5
3/ಯ + ಕ = 4
(ಯ + 1)² = ಯ² + 5
ಯ = 7

"ಅಕ್ಷರದ ತಲೆ ಮೇಲೆ 2, 3 ಇದ್ದರೆ, ಇಲ್ಲವೇ ವರ್ಗಮೂಲದ ಚಿಹ್ನೆ ಕಂಡರೆ ರೇಖಾತ್ಮಕ ಅಲ್ಲ, ಉಳಿದದ್ದೆಲ್ಲ ರೇಖಾತ್ಮಕ" ಎಂದು ಟ್ಯೂಷನ್ನಿನಲ್ಲಿ ಹೇಳಿಕೊಟ್ಟಿದ್ದರಂತೆ. ಅದರಂತೆ ಒಂದನೆಯದು, ಮೂರನೆಯದು ಹೌದು. ಎರಡನೆಯದು, ನಾಲ್ಕನೆಯದು ಅಲ್ಲ ಎಂದು ಬರೆದಳು. ಐದನೆಯದು ಸಮೀಕರಣವೇ ಅಲ್ಲ, ಉತ್ತರ ಎಂದು ಬಿಟ್ಟುಬಂದಳು. ಐದಕ್ಕೆ ಸೊನ್ನೆ. ನಾನು ಪಿಯುಸಿಯಲ್ಲಿ ಕಲಾ ವಿಭಾಗ ಓದಿದವಳು, ಬಿಡಿಸಿ ಹೇಳಲು ಬರುತ್ತಿಲ್ಲ. ಒಂದು ಸಮೀಕರಣ ರೇಖಾತ್ಮಕವೇ ಅಲ್ಲವೇ ಎಂದು ಖಚಿತವಾಗಿ ಪತ್ತೆ ಮಾಡುವುದು ಹೇಗೆ?

ಉತ್ತರ: ಮೊದಲು ಮಗಳಿಗೆ ಒಂದು ಮಾತು ಹೇಳಿ. ಐದಕ್ಕೆ ಐದೂ ತಪ್ಪಾಗುವುದು ಸುಲಭವಲ್ಲ. ಕಣ್ಣು ಮುಚ್ಚಿಕೊಂಡು ಹೌದು, ಅಲ್ಲ ಎಂದು ಗೀಚಿದ್ದರೂ ಎರಡೋ ಮೂರೋ ಸರಿಯಾಗುತ್ತಿದ್ದವು. ಬರೆದ ನಾಲ್ಕೂ ತಪ್ಪಾಗಿವೆ ಎಂದರೆ ಹೇಳಿಕೊಟ್ಟ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ ಎಂದೇ ಅರ್ಥ. ಕೆಟ್ಟಿರುವುದು ಸೂತ್ರ, ಹುಡುಗಿಯ ತಲೆಯಲ್ಲ.

(ನಿಮ್ಮ ಪತ್ರದಲ್ಲಿ ಎಕ್ಸ್, ವೈ ಎಂದಿತ್ತು. ನಾನು ಅವನ್ನು ಯ, ಕ ಎಂದು ಬದಲಿಸಿಕೊಂಡಿದ್ದೇನೆ. ಯಾಕೆಂದು ಮುಂದೆ ಹೇಳುತ್ತೇನೆ.)

ಆ ಸೂತ್ರದ ತೊಂದರೆ ಏನೆಂದರೆ, ಅದು ಸಮೀಕರಣದ ವೇಷವನ್ನು ಮಾತ್ರ ನೋಡುತ್ತದೆ. ತಲೆ ಮೇಲೆ ಅಂಕಿ ಇದೆಯೇ, ಮೂಲದ ಚಿಹ್ನೆ ಇದೆಯೇ, ಇಷ್ಟೇ. ಕೇಳಬೇಕಾದ ಪ್ರಶ್ನೆ ಬೇರೆ: ಗೊತ್ತಿಲ್ಲದ ಸಂಖ್ಯೆಗೆ, ಅಂದರೆ ಚರಾಕ್ಷರಕ್ಕೆ, ಇಲ್ಲಿ ಏನು ಮಾಡುತ್ತಿದ್ದಾರೆ? ರೇಖಾತ್ಮಕ ಸಮೀಕರಣದಲ್ಲಿ ಅದಕ್ಕೆ ಮಾಡಬಹುದಾದದ್ದು ಎರಡೇ ಕೆಲಸ. ಒಂದು ನಿಗದಿಯಾದ ಸಂಖ್ಯೆಯಿಂದ ಗುಣಿಸಬಹುದು. ಹಾಗೆ ಗುಣಿಸಿ ಬಂದದ್ದನ್ನು ಕೂಡಬಹುದು ಅಥವಾ ಕಳೆಯಬಹುದು. ಅಷ್ಟಕ್ಕೇ ನಿಂತಿದ್ದರೆ ರೇಖಾತ್ಮಕ. ಅದನ್ನು ದಾಟಿದರೆ ಅಲ್ಲ.

ತರಗತಿಯಲ್ಲಿ ನಾನು ಇದನ್ನು ಅಂಗಡಿ ಚೀಟಿ ಎನ್ನುತ್ತಿದ್ದೆ. ಅಕ್ಕಿ ಕಿಲೋಗೆ 60 ರೂಪಾಯಿ, ತೊಗರಿಬೇಳೆ ಕಿಲೋಗೆ 150. ಯ ಕಿಲೋ ಅಕ್ಕಿ, ಕ ಕಿಲೋ ಬೇಳೆ, ಚೀಲಕ್ಕೆ 10 ರೂಪಾಯಿ, ಒಟ್ಟು 910 ಆಯಿತು ಅನ್ನಿ. ಚೀಟಿಯಲ್ಲಿ ಹೀಗಿರುತ್ತದೆ:

60ಯ + 150ಕ + 10 = 910

ದರ ಗುಣಿಸು ತೂಕ, ಮತ್ತೊಂದು ದರ ಗುಣಿಸು ಮತ್ತೊಂದು ತೂಕ, ಮೇಲೊಂದು ಬಿಡಿ ಮೊತ್ತ. ಯಾವ ಸಮೀಕರಣವನ್ನು ಕೊಟ್ಟರೂ ಅದನ್ನು ಇಂಥ ಚೀಟಿಯ ರೂಪಕ್ಕೆ ತರಲು ಬರುತ್ತದೆಯೇ ನೋಡಬೇಕು. ದರದ ಜಾಗದಲ್ಲಿ ಏನು ಬೇಕಾದರೂ ಇರಲಿ, ಋಣ ಸಂಖ್ಯೆ, ಭಿನ್ನರಾಶಿ, √2, ಪೈ, ಯಾವುದಕ್ಕೂ ಅಡ್ಡಿಯಿಲ್ಲ. ಅದು ಮೊದಲೇ ನಿಗದಿಯಾದ ಸಂಖ್ಯೆಯಾಗಿರಬೇಕು ಅಷ್ಟೆ. ಪಠ್ಯಪುಸ್ತಕ ಇದಕ್ಕೆ ಸಹಗುಣಕ ಎನ್ನುತ್ತದೆ. ಎರಡು ಸಹಗುಣಕಗಳೂ ಒಟ್ಟಿಗೆ ಸೊನ್ನೆ ಆಗಕೂಡದು ಎಂಬ ಷರತ್ತು ಒಂದಿದೆ. ಎರಡೂ ಸೊನ್ನೆಯಾದರೆ ಚೀಟಿಯಲ್ಲಿ ಸಾಮಾನೇ ಇರುವುದಿಲ್ಲ!

ಈಗ ಎರಡನೇ ಸಮೀಕರಣ ನೋಡಿ: √2 ಯ + ಕ = 5. ವರ್ಗಮೂಲದ ಚಿಹ್ನೆಯ ಕೆಳಗಿರುವುದು 2, ಯ ಅಲ್ಲ. √2 ಎಂದರೆ ಹತ್ತಿರ ಹತ್ತಿರ 1.414, ಒಂದು ಮುಗಿಯದ ದಶಮಾಂಶ, ಒರಟು ದರ. ಆದರೆ ದರ ದರವೇ. ಆದ್ದರಿಂದ ರೇಖಾತ್ಮಕ. ಮೂಲದ ಗೆರೆಯನ್ನು ಸ್ವಲ್ಪ ಉದ್ದಕ್ಕೆ ಎಳೆದು ಯ ಕೂಡ ಅದರ ಕೆಳಗೆ ಬಂದರೆ, ಅಂದರೆ √(2ಯ) + ಕ = 5 ಆದರೆ, ಕಥೆಯೇ ಬೇರೆ. ಆಗ ಚರಾಕ್ಷರದ ಮೇಲೇ ಮೂಲ ತೆಗೆದಂತಾಯಿತು, ರೇಖಾತ್ಮಕ ಅಲ್ಲ. ಗೆರೆ ಎಲ್ಲಿಗೆ ನಿಲ್ಲುತ್ತದೆ ಎಂಬುದರ ಮೇಲೆ ಅಂಕ ನಿಂತಿದೆ. ಕರಿಹಲಗೆಯ ಮೇಲೆ ಅವಸರದಲ್ಲಿ ಬರೆಯುವಾಗ ನಾವು ಮೇಷ್ಟ್ರುಗಳೇ ಗೆರೆಯನ್ನು ಅರೆಬರೆ ಎಳೆದು ಬಿಟ್ಟಿರುತ್ತೇವೆ, ಮಕ್ಕಳನ್ನು ದೂರಿ ಫಲವಿಲ್ಲ.

ಐದನೆಯದು, ಯ = 7. ಇದನ್ನು 1ಯ + 0ಕ = 7 ಎಂದು ಓದಿ. ಏಳು ಕಿಲೋ ಅಕ್ಕಿ, ಬೇಳೆ ಬೇಡ. ಚೀಟಿ ಸರಿಯಾಗಿಯೇ ಇದೆ. ಗ್ರಾಫ್ ಹಾಳೆಯಲ್ಲಿ ಇದು ಕ-ಅಕ್ಷಕ್ಕೆ ಸಮಾಂತರವಾದ ನೆಟ್ಟಗಿನ ಗೆರೆ. ಉತ್ತರದಂತೆ ಕಾಣುವುದೂ ಸಮೀಕರಣವೇ.

ನಾಲ್ಕನೆಯದು ಮಕ್ಕಳನ್ನು ಬೀಳಿಸಲೆಂದೇ ಕೊಟ್ಟದ್ದು. (ಯ + 1)² ಅನ್ನು ಬಿಡಿಸಿದರೆ ಯ² + 2ಯ + 1. ಬಲಗಡೆ ಯ² + 5. ಎರಡೂ ಕಡೆಯ ಯ² ಹೊಡೆದುಹೋಗುತ್ತದೆ, ಉಳಿಯುವುದು 2ಯ + 1 = 5, ಯ = 2. ರೇಖಾತ್ಮಕ. ಇದರ ಉಲ್ಟಾ ವೇಷವೂ ಇದೆ: ಯ(ಯ − 4) = 5. ತಲೆ ಮೇಲೆ ಅಂಕಿಯೇ ಇಲ್ಲ, ಆದರೆ ಆವರಣ ಬಿಡಿಸಿದ ಕೂಡಲೇ ಯ² − 4ಯ = 5, ವರ್ಗ ಸಮೀಕರಣ. ಹಾಗಾಗಿ ತೀರ್ಪು ಕೊಡುವ ಮೊದಲು ಆವರಣ ಬಿಡಿಸಿ, ಸಜಾತಿ ಪದಗಳನ್ನು ಒಂದೆಡೆ ಸೇರಿಸಿ, ಎಲ್ಲವನ್ನೂ ಎಡಕ್ಕೆ ತರಬೇಕು. ಹತ್ತನೇ ತರಗತಿಯಲ್ಲಿ "ವರ್ಗ ಸಮೀಕರಣವೇ ಪರೀಕ್ಷಿಸಿ" ಎಂದು ಕೇಳುವಾಗಲೂ ಇದೇ ಕೆಲಸ.

ಆದರೆ ಸುಲಭ ರೂಪಕ್ಕೆ ತರುತ್ತೇನೆಂದು ಕೈ ಬೀಸಬಾರದು. ಆವರಣ ಬಿಡಿಸುವುದು, ಕೂಡುವುದು, ಕಳೆಯುವುದು, ಒಂದು ನಿಗದಿಯಾದ ಸಂಖ್ಯೆಯಿಂದ (ಸೊನ್ನೆ ಬಿಟ್ಟು) ಎರಡೂ ಕಡೆ ಗುಣಿಸುವುದು, ಇವಿಷ್ಟಕ್ಕೆ ಭಯವಿಲ್ಲ. ಚರಾಕ್ಷರದಿಂದಲೇ ಭಾಗಿಸುವುದು ಅಪಾಯ. ಯ² = 3ಯ ಎಂಬುದನ್ನು ಕೊಟ್ಟರೆ ತರಗತಿಯ ಅರ್ಧ ಮಕ್ಕಳು ಎರಡೂ ಕಡೆಯಿಂದ ಒಂದೊಂದು ಯ ಹೊಡೆದು, ಯ = 3, ರೇಖಾತ್ಮಕ ಎಂದು ಬರೆಯುತ್ತಾರೆ. ಹೊಡೆದದ್ದರ ಜೊತೆ ಯ = 0 ಎಂಬ ಇನ್ನೊಂದು ಉತ್ತರವೂ ಹೋಯಿತು. ಉತ್ತರಪತ್ರಿಕೆ ತಿದ್ದುವಾಗ ನನ್ನ ಕೆಂಪು ಪೆನ್ನು ಅತಿ ಹೆಚ್ಚು ಓಡುತ್ತಿದ್ದದ್ದು ಇಂಥ ಸಾಲಿನ ಮೇಲೆ.

ಮೂರನೆಯದನ್ನೂ ಇಲ್ಲಿಂದಲೇ ನೋಡಬಹುದು. 3/ಯ + ಕ = 4. ಛೇದದಲ್ಲಿ ಚರಾಕ್ಷರ ಕೂತಿದೆ. ಅದನ್ನು ಇಳಿಸಲೆಂದು ಎಲ್ಲಕ್ಕೂ ಯ ಗುಣಿಸಿದರೆ 3 + ಯ × ಕ = 4ಯ. ಭಿನ್ನರಾಶಿ ಹೋಯಿತು, ಆದರೆ ಅದರ ಜಾಗಕ್ಕೆ ಯ × ಕ ಬಂದು ಕೂತಿತು. ಅಂದರೆ ಇದು ನಿಮ್ಮ ಮೊದಲನೇ ಸಮೀಕರಣದ ಕಾಯಿಲೆಯೇ, ಬೇರೆ ಹೆಸರಿನಲ್ಲಿ. ಒಂದೇ ಚರಾಕ್ಷರ ಇದ್ದಾಗ ಪರಿಸ್ಥಿತಿ ಸ್ವಲ್ಪ ಹಗುರ: (ಯ + 2)/(ಯ − 1) = 4 ಎಂಬುದನ್ನು ಓರೆ ಗುಣಾಕಾರ ಮಾಡಿದರೆ ಯ + 2 = 4ಯ − 4, ಯ = 2. ಕೊಟ್ಟ ರೂಪದಲ್ಲಿ ಅದು ರೇಖಾತ್ಮಕ ಅಲ್ಲ, ರೇಖಾತ್ಮಕ ರೂಪಕ್ಕೆ ತಂದು ಬಿಡಿಸಬಹುದಾದದ್ದು. ಛೇದ ಸೊನ್ನೆಯಾಗಬಾರದು, ಅಂದರೆ ಯ ಎಂದೂ 1 ಆಗಬಾರದು ಎಂಬ ಷರತ್ತು ಅದರ ಬೆನ್ನಿಗಂಟಿಕೊಂಡೇ ಇರುತ್ತದೆ.

ಇನ್ನು ನಿಮ್ಮ ಮಗಳಿಗೆ ಎಲ್ಲಕ್ಕಿಂತ ಅನ್ಯಾಯವೆನಿಸಿರಬಹುದಾದ ಮೊದಲನೆಯದು: ಯ × ಕ = 6. ಘಾತ, ಅಂದರೆ ತಲೆ ಮೇಲಿನ ಅಂಕಿ, ಎಲ್ಲಿದೆ ತೋರಿಸಿ ಎಂದು ಅವಳು ಕೇಳಿದರೆ ನ್ಯಾಯವೇ. ಪುಸ್ತಕದ ಉತ್ತರ ಹೀಗೆ: ಒಂದು ಪದದ ಘಾತ ಎಂದರೆ ಅದರಲ್ಲಿರುವ ಎಲ್ಲ ಚರಾಕ್ಷರಗಳ ಘಾತಗಳ ಮೊತ್ತ. ಯ ಮೇಲೆ ಕಾಣದ 1, ಕ ಮೇಲೆ ಕಾಣದ 1, ಕೂಡಿದರೆ 2. ಉತ್ತರ ಸರಿ, ಆದರೆ ಹದಿನಾಲ್ಕು ವರ್ಷದ ಹುಡುಗಿಗೆ ಇದು ಆಟದ ಮಧ್ಯೆ ನಿಯಮ ಬದಲಿಸಿದ ಹಾಗೆ ಕೇಳುತ್ತದೆ. ಯಾಕೆ ಕೂಡಬೇಕು? ಚೀಟಿ ನೋಡಿದರೆ ಗೊತ್ತಾಗುತ್ತದೆ. ಅಕ್ಕಿಯ ತೂಕವನ್ನು ಬೇಳೆಯ ತೂಕದಿಂದ ಗುಣಿಸುವ ಅಂಗಡಿ ಎಲ್ಲೂ ಇಲ್ಲ. ಅಲ್ಲಿ ಯ ಗೆ ದರವಾಗಿ ಕೂತಿರುವುದು ಕ. ದರ ನಿಗದಿಯಾಗಿಲ್ಲ, ಅದೂ ಗೊತ್ತಿಲ್ಲದ್ದೇ.

ನಮ್ಮ ಹಳೆಯ ಬೀಜಗಣಿತಜ್ಞರು ಈ ಯ × ಕ ಎಂಬ ಪ್ರಾಣಿಯನ್ನು ಬಹಳ ಹಿಂದೆಯೇ ಗುರುತಿಸಿ ಬೇರೆ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದರು. ನಾನು ಎಕ್ಸ್, ವೈ ಬಿಟ್ಟು ಯ, ಕ ಹಿಡಿದದ್ದೂ ಅದಕ್ಕೇ. ಎರಡನೇ ಭಾಸ್ಕರಾಚಾರ್ಯ 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯ ಬೀಜಗಣಿತ ಭಾಗದಲ್ಲಿ ಗೊತ್ತಿಲ್ಲದ ಮೊದಲ ಸಂಖ್ಯೆಗೆ ಯಾವತ್ತಾವತ್ ಎಂದು ಹೆಸರು, "ಎಷ್ಟೋ ಅಷ್ಟು" ಎಂದರ್ಥ. ಎರಡನೆಯದರಿಂದ ಮುಂದಕ್ಕೆ ಬಣ್ಣಗಳು: ಕಾಲಕ ಎಂದರೆ ಕಪ್ಪು, ನೀಲಕ, ಪೀತಕ, ಲೋಹಿತಕ. ಬರೆಯುವಾಗ ಮೊದಲ ಅಕ್ಷರ ಸಾಕು: ಯಾ, ಕಾ, ನೀ, ಪೀ. ಬಿಡಿ ಸಂಖ್ಯೆಗೆ ರೂಪ, ರೂ. ನಮ್ಮ 3ಯ + 2ಕ + 7 ಆ ಲಿಪಿಯಲ್ಲಿ ಯಾ 3 ಕಾ 2 ರೂ 7. ಬಣ್ಣಗಳಿಂದಾಗಿಯೇ ಅವರ ಸಮೀಕರಣಗಳಿಗೆ ಏಕವರ್ಣ, ಅನೇಕವರ್ಣ ಎಂಬ ಹೆಸರು. ಅಜ್ಞಾತದ ವರ್ಗ ಬಂದರೆ ಅದಕ್ಕೆ ಮಧ್ಯಮಾಹರಣ ಎಂಬ ಬೇರೆ ಅಧ್ಯಾಯ. ಎರಡು ಬಣ್ಣಗಳ ಗುಣಲಬ್ಧ ಬಂದರೆ ಅದಕ್ಕೆ ಭಾವಿತ ಎಂಬ ಇನ್ನೊಂದು ಅಧ್ಯಾಯ. ಈ ವಿಂಗಡಣೆ ಭಾಸ್ಕರನಿಗಿಂತ ಐದು ಶತಮಾನ ಹಿಂದಿನದು. ಗಣಿತಜ್ಞ ಬ್ರಹ್ಮಗುಪ್ತ 628ರಲ್ಲಿ ಬರೆದ ಗ್ರಂಥದಲ್ಲೇ ಇದೆ. ಅವರಾರೂ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದವರಲ್ಲ, "ರೇಖಾತ್ಮಕ" ಎಂಬ ಹೆಸರು ಅವರದಲ್ಲ. ಬಿಡಿಸುವ ವಿಧಾನ ಬೇರೆಯಾಗುತ್ತದೆ ಎಂಬ ಕಾರಣಕ್ಕೇ ಬೇರೆ ಮಾಡಿದರು.

ಎಷ್ಟು ಬೇರೆ? ಒಂದು ಜೋಡಿ ಹಿಡಿದು ನೋಡೋಣ. 3ಯ + 2ಕ = 30 ಎಂಬುದಕ್ಕೆ ಋಣವಲ್ಲದ ಪೂರ್ಣಾಂಕದ ಉತ್ತರಗಳನ್ನು ಹುಡುಕಿದರೆ (0, 15), (2, 12), (4, 9), (6, 6), (8, 3), (10, 0). ಯ ಎರಡೆರಡು ಮೆಟ್ಟಿಲು ಹತ್ತಿದರೆ ಕ ಮೂರು ಮೂರು ಮೆಟ್ಟಿಲು ಇಳಿಯುತ್ತದೆ. ಒಂದು ಉತ್ತರ ಸಿಕ್ಕರೆ ಸಾಕು, ಉಳಿದದ್ದು ಏಣಿ. ಈಗ ಭಾಸ್ಕರನ ಭಾವಿತದ ಉದಾಹರಣೆ: ಎರಡು ಸಂಖ್ಯೆಗಳಿವೆ, ಒಂದರ ನಾಲ್ಕರಷ್ಟು, ಇನ್ನೊಂದರ ಮೂರರಷ್ಟು ಕೂಡಿ, ಮೇಲೆ 2 ಸೇರಿಸಿದರೆ ಅವೆರಡರ ಗುಣಲಬ್ಧಕ್ಕೆ ಸಮ. ನಮ್ಮ ಲಿಪಿಯಲ್ಲಿ

4ಯ + 3ಕ + 2 = ಯ × ಕ

ಇದನ್ನು ಸ್ವಲ್ಪ ಅತ್ತಿತ್ತ ಸರಿಸಿ ಎರಡೂ ಕಡೆ 12 ಕೂಡಿದರೆ (ಯ − 3)(ಕ − 4) = 14 ಆಗುತ್ತದೆ. 14ನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬೇಕು: 1 × 14, 2 × 7, 7 × 2, 14 × 1. ಧನ ಪೂರ್ಣಾಂಕದ ಉತ್ತರಗಳು ನಾಲ್ಕೇ ನಾಲ್ಕು: (4, 18), (5, 11), (10, 6), (17, 5). ಯ ಒಮ್ಮೆ 1 ಜಿಗಿಯಿತು, ಆಮೇಲೆ 5, ಆಮೇಲೆ 7. ಏಣಿ ಇಲ್ಲ. ಕೆಲಸ ಮಾಡಿದ್ದು ಅಪವರ್ತನ, ಅಂದರೆ ಗುಣಲಬ್ಧವಾಗಿ ಒಡೆಯುವುದು; ಪದಗಳನ್ನು ಸಮ ಚಿಹ್ನೆಯ ಆಚೆಗೆ ಸಾಗಿಸುವ ಪಕ್ಷಾಂತರವಲ್ಲ. ಇಷ್ಟನ್ನು ಕೈಯಾರೆ ಮಾಡಿದ ಮಗುವಿಗೆ ಯ × ಕ ಯಾಕೆ ಬೇರೆ ಜಾತಿ ಎಂದು ಮತ್ತೆ ಹೇಳಬೇಕಾಗಿಲ್ಲ.

ಆ ಏಣಿಯೇ ನಿಮಗೆ ನಾನು ಕೊಡುವ ಎರಡನೇ ಪರೀಕ್ಷೆ. ಬೀಜಗಣಿತ ಮರೆತವರಿಗೂ ಬರುತ್ತದೆ. ಯ ಗೆ ಸಮ ಅಂತರದ ಬೆಲೆ ಕೊಡುತ್ತಾ ಹೋಗಿ, ಕ ಎಷ್ಟೆಷ್ಟು ಬದಲಾಯಿತು ನೋಡಿ. ಪ್ರತಿ ಸಲವೂ ಒಂದೇ ಅಳತೆಯ ಬದಲಾವಣೆಯಾದರೆ ರೇಖಾತ್ಮಕ. ಬ್ಯಾಂಕಿನ ಲೆಕ್ಕ ನೋಡಿ. 10,000 ರೂಪಾಯಿ, ಶೇಕಡಾ 8. ಸರಳ ಬಡ್ಡಿಯಾದರೆ ಮೊದಲ ಮೂರು ವರ್ಷದ ಕೊನೆಯಲ್ಲಿ 10,800, 11,600, 12,400. ಏರಿಕೆ 800, 800, 800. ಚಕ್ರಬಡ್ಡಿಯಾದರೆ 10,800, 11,664, 12,597 ರೂಪಾಯಿ 12 ಪೈಸೆ. ಏರಿಕೆ 800, 864, 933 ರೂಪಾಯಿ 12 ಪೈಸೆ. ಮೊದಲ ವರ್ಷ ಎರಡೂ ಒಂದೇ ಥರ ಕಾಣುತ್ತವೆ. ಗುಟ್ಟು ಬಯಲಾಗುವುದು ಎರಡನೇ ವರ್ಷ. ಚಕ್ರಬಡ್ಡಿಯಲ್ಲಿ ಕಾಲ ಘಾತದ ಜಾಗಕ್ಕೇ ಹತ್ತಿ ಕೂತಿರುತ್ತದೆ.

ಇದೇ ಕಾರಣಕ್ಕೆ ನಕ್ಷೆ ಎಳೆಯುವಾಗ ಎರಡು ಬಿಂದುಗಳಿಗೆ ನಿಲ್ಲಿಸಬೇಡಿ. ನನ್ನ ತರಗತಿಯ ಹುಡುಗನೊಬ್ಬ ಯ × ಕ = 6 ಕ್ಕೆ (1, 6) ಮತ್ತು (6, 1) ಗುರುತಿಸಿ, ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದು, "ನೋಡಿ ಸರ್, ನೆಟ್ಟಗೇ ಬಂತಲ್ಲ" ಎಂದಿದ್ದ. ಬರದೇ ಏನು! ಎರಡು ಚುಕ್ಕಿಯ ನಡುವೆ ಸ್ಕೇಲ್ ಇಟ್ಟರೆ ಜಗತ್ತೆಲ್ಲ ರೇಖಾತ್ಮಕವೇ. ಅವನು ಎಳೆದದ್ದು ನಿಜಕ್ಕೂ ಯ + ಕ = 7 ಎಂಬ ಗೆರೆಯನ್ನು. (2, 3) ಎಂಬ ಮೂರನೇ ಬಿಂದು ಹಾಕು ಎಂದೆ. ಅದು ಗೆರೆಯಿಂದ ಎರಡು ಮನೆ ಕೆಳಗೆ ಬಿತ್ತು. (3, 2) ಕೂಡ ಹಾಗೇ. ಆ ನಾಲ್ಕು ಬಿಂದುಗಳು ಮೂಲಬಿಂದುವಿನ, ಅಂದರೆ (0, 0)ಯ, ಕಡೆಗೆ ಬಾಗಿದ ಬಳುಕಿನ ಮೇಲಿವೆ, ಅದಕ್ಕೆ ಅತಿಪರವಲಯ ಎಂದು ಹೆಸರು. ಅವನು ಸ್ಕೇಲನ್ನು ಪೆನ್ಸಿಲ್ ಡಬ್ಬಿಗೆ ಹಾಕಿ ಕೈಯಲ್ಲೇ ಬಳುಕು ಎಳೆದ.

ಭಾಸ್ಕರನದೇ ಇನ್ನೊಂದು ಗಣಿತ ಗ್ರಂಥ ಲೀಲಾವತಿಯಲ್ಲಿ ಜೇನುನೊಣಗಳ ಎರಡು ಲೆಕ್ಕಗಳಿವೆ. ಪದ್ಯದ ಸೊಗಸಿಗೆ ಮನಸೋತು ಅವೆರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಒಂದರಲ್ಲಿ ಹಿಂಡಿನ ಐದನೇ ಒಂದು ಭಾಗ ಕದಂಬಕ್ಕೆ, ಮೂರನೇ ಒಂದು ಭಾಗ ಶಿಲೀಂಧ್ರ ಎಂಬ ಹೂವಿಗೆ, ಈ ಎರಡು ಭಾಗಗಳ ವ್ಯತ್ಯಾಸದ ಮೂರರಷ್ಟು ಕುಟಜಕ್ಕೆ ಹೋಗುತ್ತದೆ. ಒಂದೇ ಒಂದು ನೊಣ ಆಕಾಶದಲ್ಲಿ ಅತ್ತಿತ್ತ ಅಲೆಯುತ್ತದೆ. ಇದನ್ನು ಇಷ್ಟಕರ್ಮ ಎಂಬ ಉಪಾಯದಿಂದ ಬಿಡಿಸುತ್ತಾರೆ. ಮನಸ್ಸಿಗೆ ಬಂದ ಸಂಖ್ಯೆ ಹಿಡಿ, ಉಳಿದದ್ದು ಎಷ್ಟು ನೋಡು, ಸರಿದೂಗಿಸು. ನಾನು 30 ಹಿಡಿಯುತ್ತೇನೆ. 6 ಹೋದವು, 10 ಹೋದವು, ವ್ಯತ್ಯಾಸ 4ರ ಮೂರರಷ್ಟು 12 ಹೋದವು, ಉಳಿದದ್ದು 2. ಬೇಕಾದದ್ದು 1, ಅಂದರೆ ಅರ್ಧ. ಹಾಗಾದರೆ ಹಿಂಡೂ 30ರ ಅರ್ಧ, 15. ಮುಗಿಯಿತು.

ಇನ್ನೊಂದು ಲೆಕ್ಕದಲ್ಲಿ ಹಿಂಡಿನ ಅರ್ಧದ ವರ್ಗಮೂಲದಷ್ಟು ನೊಣಗಳು ಮಾಲತಿಗೆ, ಇಡೀ ಹಿಂಡಿನ ಒಂಬತ್ತನೇ ಎಂಟು ಭಾಗವೂ ಹೊರಟಿತು. ಉಳಿದದ್ದು ಎರಡು: ಪರಿಮಳಕ್ಕೆ ಮರುಳಾಗಿ ರಾತ್ರಿ ಕಮಲದೊಳಗೆ ಸಿಕ್ಕಿಕೊಂಡು ಗುಂಯ್‌ಗುಡುವ ಗಂಡು, ಹೊರಗಿನಿಂದ ಅದಕ್ಕೆ ದನಿಗೂಡಿಸುವ ಹೆಣ್ಣು. ಇಲ್ಲೂ ಇಷ್ಟಕರ್ಮ ಮಾಡಿ ನೋಡಿ. 162 ಹಿಡಿದರೆ ಅರ್ಧ 81, ಅದರ ಮೂಲ 9, ಒಂಬತ್ತನೇ ಎಂಟು ಭಾಗ 144, ಉಳಿದದ್ದು 9. ಬೇಕಾದದ್ದು 2. ಹಾಗಾದರೆ 162ರ ಒಂಬತ್ತನೇ ಎರಡು ಭಾಗ, 36? 36ರ ಅರ್ಧ 18, ಅದಕ್ಕೆ ಪೂರ್ಣ ವರ್ಗಮೂಲವೇ ಇಲ್ಲ, ನೊಣವನ್ನು ತುಂಡು ಮಾಡಬೇಕಾದೀತು. ಸರಿಯಾದ ಉತ್ತರ 72: ಅರ್ಧ 36ರ ಮೂಲ 6, ಒಂಬತ್ತನೇ ಎಂಟು ಭಾಗ 64, ಉಳಿದದ್ದು 2. ಅದರ ನಾಲ್ಕರಷ್ಟು, 288 ಹಿಡಿದು ನೋಡಿದರೆ ಉಳಿಯುವುದು 288 − 12 − 256, ಅಂದರೆ 20. ಹಿಂಡು ನಾಲ್ಕು ಪಟ್ಟು ಬೆಳೆದರೆ ಉಳಿಕೆ ಹತ್ತು ಪಟ್ಟು ಬೆಳೆಯಿತು. ಸರಿದೂಗಿಸುವ ಉಪಾಯ ಮುರಿದುಬಿದ್ದದ್ದು ಇಲ್ಲೇ. ಅಜ್ಞಾತದ ಮೇಲೆ ವರ್ಗಮೂಲ ಕೂತ ಕೂಡಲೇ "ಅಷ್ಟಕ್ಕಷ್ಟು" ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ಲೀಲಾವತಿಯಲ್ಲಿ ಇಂಥವಕ್ಕೆ ಗುಣಕರ್ಮ ಎಂದು ಬೇರೆ ವಿಧಿ ಇರುವುದು ಅದಕ್ಕೇ.

ಇಲ್ಲಿಗೆ ಒಂಬತ್ತನೇ ತರಗತಿಗೆ ಸಾಕು. ಆದರೆ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಅಣ್ಣನೋ ಅಕ್ಕನೋ ಇದ್ದು, "ಕ = 3ಯ + 2 ರೇಖಾತ್ಮಕವೇ ಅಲ್ಲ" ಎಂದು ಗಲಿಬಿಲಿ ಎಬ್ಬಿಸಿದರೆ ಎಂದು ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅವರೂ ತಪ್ಪಲ್ಲ. ಮುಂದಿನ ಗಣಿತದಲ್ಲಿ ಅದೇ ಪದಕ್ಕೆ ಇನ್ನೂ ಬಿಗಿಯಾದ ಅರ್ಥವಿದೆ: ಎರಡು ಬೆಲೆಗಳನ್ನು ಕೂಡಿ ಹಾಕಿದರೂ, ಬೇರೆ ಬೇರೆ ಹಾಕಿ ಆಮೇಲೆ ಕೂಡಿದರೂ ಉತ್ತರ ಒಂದೇ ಬರಬೇಕು. ಸೆಲ್ಸಿಯಸ್ 20 ಎಂದರೆ ಫ್ಯಾರನ್‌ಹೀಟ್ 68, ಸೆಲ್ಸಿಯಸ್ 40 ಎಂದರೆ 104. 68ರ ಎರಡರಷ್ಟು 136, 104 ಅಲ್ಲ. ಗೆರೆ ನೆಟ್ಟಗೇ ಇದೆ, ಆದರೆ 32ರ ಒಂದು ಬಿಡಿ ಮೊತ್ತ ಜೊತೆಗಿರುವುದರಿಂದ ಗೆರೆ ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. ಶಾಲೆಯ ಅರ್ಥದಲ್ಲಿ ರೇಖಾತ್ಮಕ, ಅವರ ಅರ್ಥದಲ್ಲಿ ಅಲ್ಲ.

ಬೆಂಗಳೂರಿನ ಆಟೋ ದರದಲ್ಲಿ ಈ ಎರಡೂ ಅರ್ಥಗಳು ಸೇರಿವೆ. 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. (ಮೀಟರ್ ಹಾಕುವ ಆಟೋ ಸಿಕ್ಕಿತು ಎಂದುಕೊಳ್ಳೋಣ.) ದೂರ ಯ, 2ಕ್ಕಿಂತ ಹೆಚ್ಚು ಎಂದಾದರೆ ಬಾಡಿಗೆ 36 + 18(ಯ − 2). ಬಿಡಿಸಿದರೆ 36 + 18ಯ − 36, ಅಂದರೆ ಬರೀ 18ಯ! ಕನಿಷ್ಠ ದರ ಎಂಬುದು ಎರಡು ಕಿಲೋಮೀಟರ್ ದಾಟಿದ ಮೇಲೆ ಮಾಯವಾಗಿ ಹೋಗುತ್ತದೆ. 3 ಕಿಲೋಮೀಟರ್ ಒಂದು ಸಲ, 4 ಇನ್ನೊಂದು ಸಲ ಹೋದರೆ 54 + 72 = 126; ಒಂದೇ ಸಲ 7 ಹೋದರೂ 126. ಒಂದೊಂದೇ ಕಿಲೋಮೀಟರ್ ಎರಡು ಸಲ ಹೋದರೆ ಮಾತ್ರ 72 ಕೊಡಬೇಕು, ಒಟ್ಟಿಗೆ ಎರಡು ಹೋದರೆ 36. ಇಡೀ ದರಪಟ್ಟಿಯ ನಕ್ಷೆ ಎಳೆದರೆ ಮೊದಲು ಮಲಗಿದ ಗೆರೆ, 2ರ ಹತ್ತಿರ ಮೊಣಕೈಯಂತೆ ಮಡಚಿ ಮೇಲೇರುವ ಗೆರೆ. ಒಂದೊಂದು ತುಂಡೂ ರೇಖಾತ್ಮಕ, ಎರಡೂ ಸೇರಿದ ಒಟ್ಟು ನಕ್ಷೆ ಅಲ್ಲ.

ಕೊನೆಗೆ, ರೇಖಾತ್ಮಕವೇ ಎಂದು ಯಾರಾದರೂ ಕೇಳಿದರೆ "ಯಾವುದರಲ್ಲಿ?" ಎಂದು ತಿರುಗಿ ಕೇಳುವ ಅಭ್ಯಾಸ ಒಳ್ಳೆಯದು. ಸರಳ ಬಡ್ಡಿ ಎಂದರೆ ಅಸಲು, ದರ, ಕಾಲ ಇವುಗಳ ಗುಣಲಬ್ಧವನ್ನು ನೂರರಿಂದ ಭಾಗಿಸಿದ್ದು. ಅಸಲು, ದರ ಗೊತ್ತಿದ್ದರೆ ಕಾಲದಲ್ಲಿ ಅದು ರೇಖಾತ್ಮಕ. ದರವೂ ಕಾಲವೂ ಗೊತ್ತಿಲ್ಲದಿದ್ದರೆ ಅದೇ ಸೂತ್ರ ಭಾವಿತ. ಮಗಳು ಪಿಯುಸಿಗೆ ಹೋದಾಗ ಪ್ರಯೋಗಾಲಯದಲ್ಲಿ ದಾರಕ್ಕೆ ಗುಂಡು ಕಟ್ಟಿ ಲೋಲಕ ಆಡಿಸುತ್ತಾಳೆ. ದಾರ 25 ಸೆಂಟಿಮೀಟರ್ ಇದ್ದರೆ ಒಂದು ಸಲ ಹೋಗಿ ಬರಲು ಸುಮಾರು 1 ಸೆಕೆಂಡ್, 50ಕ್ಕೆ 1.42, 75ಕ್ಕೆ 1.74, 100ಕ್ಕೆ 2 ಸೆಕೆಂಡ್. ಏರಿಕೆ ಸಮವಾಗಿಲ್ಲ, ದಾರದ ಉದ್ದ ವರ್ಗಮೂಲದ ಕೆಳಗೆ ಕೂತಿದೆ. ಅದೇ ಅವಧಿಗಳ ವರ್ಗ ಮಾಡಿ ನೋಡಿದರೆ ಸುಮಾರು 1, 2, 3, 4. ಹಾಗಾಗಿಯೇ ಅಲ್ಲಿ ಉದ್ದಕ್ಕೆ ಎದುರಾಗಿ ಅವಧಿಯ ವರ್ಗವನ್ನು ಗುರುತಿಸಿ ನಕ್ಷೆ ಎಳೆಯಲು ಹೇಳುತ್ತಾರೆ, ಬರಿಯ ಅವಧಿಯನ್ನಲ್ಲ. ಹತ್ತನೇ ತರಗತಿಯ ಮಸೂರದ ಸೂತ್ರವೂ ಹೀಗೆಯೇ: ದೂರಗಳಲ್ಲಿ ರೇಖಾತ್ಮಕ ಅಲ್ಲ, ಅವುಗಳ ವ್ಯುತ್ಕ್ರಮಗಳಲ್ಲಿ (1ನ್ನು ದೂರದಿಂದ ಭಾಗಿಸಿದ್ದರಲ್ಲಿ) ಹೌದು.

ಮಗಳ ಕೈಗೆ ಒಂದು ಲೆಕ್ಕ ಕೊಡುತ್ತೇನೆ. ನೃಪತುಂಗನೆಂದು ನಾವು ಕರೆಯುವ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದ ಒಂಟೆಗಳ ಲೆಕ್ಕ ಅದು. ಹಿಂಡಿನ ನಾಲ್ಕನೇ ಒಂದು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋದವು. ಮೂರು ಐದಲ ಹದಿನೈದು ಒಂಟೆಗಳು ಹೊಳೆದಂಡೆಯಲ್ಲಿದ್ದವು. ಒಟ್ಟು ಎಷ್ಟು? ಉತ್ತರ 36 ಎಂದು ಮೊದಲೇ ಹೇಳಿಬಿಡುತ್ತೇನೆ, ತಾಳೆ ನೋಡಲಿ. ಅವಳು ಬರೆದು ಕಳಿಸಬೇಕಾದದ್ದು ಬೇರೆ: ಇದು ರೇಖಾತ್ಮಕವೇ, ಅಲ್ಲವಾದರೆ ಯಾವ ಪದದಿಂದಾಗಿ, ಮತ್ತು 100 ಒಂಟೆ ಎಂದು ಹಿಡಿದು ಇಷ್ಟಕರ್ಮ ಮಾಡಿದರೆ ಹಿಂಡು ಎಷ್ಟೆಂದು ತಪ್ಪಾಗಿ ಬರುತ್ತದೆ?